ಪುಡಿ ಎಷ್ಟು ಬೇಗ ಉರಿಯುತ್ತದೆ? ಘನ ರಾಸಾಯನಿಕಗಳ ದಹನಶೀಲತೆ ಅಳೆಯುವ ಬಗೆ

ಹೆಬ್ಬೆರಳು ದಪ್ಪದ ಮೆಗ್ನೀಸಿಯಂ ತುಂಡಿಗೆ ಬೆಂಕಿಕಡ್ಡಿ ಗೀರಿ ಹಿಡಿದರೆ ಏನೂ ಆಗುವುದಿಲ್ಲ. ಕಡ್ಡಿ ಸುಟ್ಟು ಮುಗಿಯುತ್ತದೆ, ಲೋಹ ಒಂದಿಷ್ಟು ಬಿಸಿಯಾಗುತ್ತದೆ, ಅಷ್ಟೆ. ಅದೇ ಲೋಹದ ತೆಳು ಪಟ್ಟಿಯನ್ನು ಬರ್ನರ್ ಜ್ವಾಲೆಗೆ ಒಡ್ಡಿದರೆ ಕಣ್ಣು ಕೋರೈಸುವಂತೆ ಉರಿಯುತ್ತದೆ. ನುಣ್ಣಗೆ ಪುಡಿ ಮಾಡಿದರಂತೂ ಅದನ್ನು ಇಡುವ, ಸಾಗಿಸುವ, ಮುಟ್ಟುವ ಕ್ರಮವೇ ಬೇರೆ. ಮೂರಕ್ಕೂ ರಾಸಾಯನಿಕ ಹೆಸರು ಒಂದೇ, ಅಪಾಯ ಮಾತ್ರ ಒಂದಲ್ಲ.

ಘನ ವಸ್ತುಗಳ ದಹನಶೀಲತೆ ಅಳೆಯಲು ಹೊರಟವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ. ‘ಈ ವಸ್ತು ದಹನಶೀಲವೇ’ ಎಂದು ಕೇಳಿದರೆ ಅದು ಅರ್ಧ ಪ್ರಶ್ನೆ. ಇಷ್ಟು ನುಣುಪಿನ, ಇಷ್ಟು ತೇವದ, ಈ ರೂಪದ ವಸ್ತು ದಹನಶೀಲವೇ ಎಂದು ಕೇಳಬೇಕು. ಹೆಸರು ನೋಡಿ ಕೋಷ್ಟಕದಿಂದ ಉತ್ತರ ಎತ್ತಿಕೊಂಡವರು ಎಡವುವುದು ಇಲ್ಲೇ.

ಜಗತ್ತಿನ ಬಹುಪಾಲು ಕಡೆ ಇದಕ್ಕೆ ಬಳಕೆಯಲ್ಲಿರುವುದು ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿಯಲ್ಲಿರುವ ‘ಎನ್.1’ ಪರೀಕ್ಷೆ. 2003ರಲ್ಲಿ ಮೊದಲ ಆವೃತ್ತಿ ಕಂಡ ಜಿಎಚ್‌ಎಸ್ ಎಂಬ, ರಾಸಾಯನಿಕಗಳ ಅಪಾಯ ಮತ್ತು ಲೇಬಲ್‌ಗಳ ಜಾಗತಿಕ ವರ್ಗೀಕರಣ ವ್ಯವಸ್ಥೆಯೂ, ಅಪಾಯಕಾರಿ ಸರಕು ಸಾಗಣೆಯ ನಿಯಮಗಳೂ ಇದೇ ಪರೀಕ್ಷೆಯನ್ನು ಆಧರಿಸಿವೆ. ಪುಡಿ, ಹರಳು, ಕಾಳಿನಂಥ ತುಣುಕು, ಮುದ್ದೆಯಂಥ ಪೇಸ್ಟ್ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಉರಿಯುವ ಕಡ್ಡಿಯಂಥ ಕಿಡಿಮೂಲ ಸ್ವಲ್ಪ ಹೊತ್ತು ಸೋಕಿದರೆ ವಸ್ತು ಹೊತ್ತಿಕೊಳ್ಳುತ್ತದೆಯೇ, ಹೊತ್ತಿಕೊಂಡ ಬೆಂಕಿ ಹಬ್ಬುತ್ತದೆಯೇ, ಹಬ್ಬಿದರೆ ಎಷ್ಟು ವೇಗವಾಗಿ ಎಂಬ ಮೂರು ಪ್ರಶ್ನೆಗಳಿಗೆ ಇದು ಉತ್ತರ ಕೊಡುತ್ತದೆ.

ಬೆಂಕಿ ಹಚ್ಚುವ ಮೊದಲು

ಗುರುತು ಪರಿಚಯವಿಲ್ಲದ ಪುಡಿಗೆ ನೇರವಾಗಿ ಬರ್ನರ್ ಹಿಡಿಯಬೇಡಿ. ಇಲ್ಲಿ ಅವಸರ ಮಾಡಿದವರಿಗೆ ಎರಡನೆಯ ಅವಕಾಶ ಸಿಗದೆ ಹೋಗಬಹುದು.

ಮೊದಲು ಅಣುವಿನ ರಚನೆ ನೋಡಿ. ನೈಟ್ರೋ ಗುಂಪು, ಅಜೈಡ್, ಪೆರಾಕ್ಸೈಡ್, ಡಯಾಜೋ ಗುಂಪುಗಳು, ಅಥವಾ ಪರ್ಕ್ಲೋರೇಟಿನಂಥ ಉತ್ಕರ್ಷಕ ಅಯಾನಿನ ಜೊತೆ ಸಾವಯವ ಭಾಗ ಇದ್ದರೆ ಅದು ಸ್ಫೋಟಕವೋ, ಗಾಳಿಯ ನೆರವಿಲ್ಲದೆಯೂ ತಾನೇ ಬಿಸಿಯೇರಿ ವಿಘಟನೆಯಾಗುವ ‘ಸ್ವಯಂ-ಪ್ರತಿಕ್ರಿಯಕ’ವೋ ಆಗಿರುವ ಸಾಧ್ಯತೆಯನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಬಿಸಿ ಮಾಡುತ್ತಾ ಹೋದಾಗ ವಸ್ತು ಬಿಡುವ ಅಥವಾ ಹೀರುವ ಶಾಖವನ್ನು ಅಳೆಯುವ ಡಿಎಸ್‌ಸಿ ಯಂತ್ರದಲ್ಲಿ ಇದಕ್ಕೆ ಕೆಲವೇ ಮಿಲಿಗ್ರಾಂ ಮಾದರಿ ಸಾಕು. ಸಾವಯವ ವಸ್ತುವಿನ ವಿಘಟನೆ ಬಿಡುಗಡೆ ಮಾಡುವ ಶಕ್ತಿ ಗ್ರಾಂಗೆ 500 ಜೂಲ್‌ಗಿಂತ ಕಡಿಮೆ ಇದ್ದು, ವಿಘಟನೆ 500 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಶುರುವಾದರೆ ಸ್ಫೋಟಕದ ಪರೀಕ್ಷೆಗಳಿಗೆ ಹೋಗಬೇಕಾಗಿಲ್ಲ. ಸ್ವಯಂ-ಪ್ರತಿಕ್ರಿಯಕ ವಸ್ತುಗಳ ವಿಷಯದಲ್ಲಿ ಗ್ರಾಂಗೆ 300 ಜೂಲ್ ಎಂಬ ಗೆರೆ ಇದೆ.

ಗಾಳಿ ಸೋಕಿದರೆ ತಾನೇ ಹೊತ್ತಿಕೊಳ್ಳುವ ವಸ್ತು, ನೀರು ತಾಕಿದರೆ ಉರಿಯುವ ಅನಿಲ ಬಿಡುವ ವಸ್ತು ಇವುಗಳಿಗೂ ಬೇರೆ ಪರೀಕ್ಷೆಗಳಿವೆ. ನೀರಿನ ಜೊತೆ ವರ್ತಿಸುವ ಪುಡಿಯನ್ನು ಗೊತ್ತಿಲ್ಲದೆ ಈ ಪರೀಕ್ಷೆಗೆ ತಂದು, ಉರಿಯುವಾಗ ನೀರು ಹಾಕಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಇಷ್ಟಾದ ಮೇಲೂ ಸ್ಪ್ಯಾಚುಲಾ ತುದಿಯಲ್ಲಿ ಹಿಡಿಯುವಷ್ಟು, ಕಡಲೆಕಾಳಿಗಿಂತ ಹೆಚ್ಚಿಲ್ಲದಷ್ಟು, ಮಾದರಿಯನ್ನು ರಕ್ಷಾಪರದೆಯ ಹಿಂದಿಟ್ಟು ಜ್ವಾಲೆ ತೋರಿಸಿ ನೋಡಿ. ಚಿಟಪಟ ಸಿಡಿಯಿತೆ? ಭುಗ್ಗೆಂದು ಎದ್ದಿತೆ? ಕರಗಿತೆ? ಹೊಗೆಯ ಬಣ್ಣವೇನು? ಈ ಒಂದು ನಿಮಿಷದ ನೋಟ ಮುಂದಿನ ಎಲ್ಲ ತಯಾರಿಯನ್ನೂ ನಿರ್ಧರಿಸುತ್ತದೆ. ಗಂಧಕ ಇರುವ ವಸ್ತು ಸಲ್ಫರ್ ಡೈಆಕ್ಸೈಡ್ ಬಿಡುತ್ತದೆ, ಕ್ಲೋರಿನ್ ಇರುವ ಸಾವಯವ ವಸ್ತು ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ನಿಮ್ಮ ಫ್ಯೂಮ್ ಹುಡ್ ಅದನ್ನು ಎಳೆದುಕೊಳ್ಳಬಲ್ಲದೇ ಎಂದು ಈಗಲೇ ಖಾತ್ರಿ ಮಾಡಿಕೊಳ್ಳಿ.

ಮಾದರಿ: ಅರ್ಧ ಫಲಿತಾಂಶ ಇಲ್ಲೇ ನಿರ್ಧಾರವಾಗುತ್ತದೆ

ಪರೀಕ್ಷೆಗೆ ಬೇಕಾದದ್ದು ಮಾರಾಟಕ್ಕೆ ಅಥವಾ ಸಾಗಣೆಗೆ ಹೋಗುವ ರೂಪದಲ್ಲೇ ಇರುವ ವಸ್ತು. ಪ್ರಯೋಗಾಲಯದ ಖರಲಿನಲ್ಲಿ ಅರೆದು ಪರೀಕ್ಷಿಸಿದರೆ ಬರುವ ಅಂಕಿ ನೀವು ಅರೆದ ಪುಡಿಯದು, ಡ್ರಮ್‌ನಲ್ಲಿರುವ ಸರಕಿನದಲ್ಲ. ಅದೇ ಸರಕನ್ನು ಇನ್ನೊಂದು ರೂಪದಲ್ಲೂ ಕೊಡುವುದಿದ್ದು, ಆ ರೂಪ ಉರಿಯುವ ರೀತಿಯನ್ನೇ ಬದಲಿಸುವಂತಿದ್ದರೆ ಅದನ್ನೂ ಬೇರೆಯಾಗಿ ಪರೀಕ್ಷಿಸಬೇಕು.

ಕಣ ಚಿಕ್ಕದಾದಷ್ಟೂ ಗಾಳಿಗೆ ತೆರೆದ ಮೇಲ್ಮೈ ಹೆಚ್ಚು, ಒಂದು ಕಣವನ್ನು ಬಿಸಿ ಮಾಡಲು ಬೇಕಾದ ಶಾಖ ಕಡಿಮೆ. ದಪ್ಪ ಕೊರಡು ಒಲೆಯಲ್ಲಿ ನಿಧಾನ ಹತ್ತುತ್ತದೆ, ಸಿಬರು ತಟ್ಟನೆ ಹತ್ತುತ್ತದೆ. ಇಲ್ಲಿಯೂ ಅದೇ ತತ್ವ. ಆದ್ದರಿಂದ ಕಣಗಾತ್ರದ ಹಂಚಿಕೆಯನ್ನು ಜರಡಿಯಿಂದಲೋ ಲೇಸರ್ ಉಪಕರಣದಿಂದಲೋ ಅಳೆದು ದಾಖಲಿಸದೆ ಮುಂದೆ ಹೋಗಬೇಡಿ. ಕಣಗಾತ್ರ ನಮೂದಿಸದ ದಹನಶೀಲತೆ ವರದಿಯನ್ನು ನಾನು ಅಪೂರ್ಣ ಎಂದೇ ಪರಿಗಣಿಸುತ್ತೇನೆ, ಅದರಲ್ಲಿ ಎಷ್ಟೇ ಸಹಿ ಮೊಹರುಗಳಿರಲಿ.

ತೇವವೂ ಹಾಗೆಯೇ. ಒಳಗಿರುವ ನೀರು ಆವಿಯಾಗಲು ಶಾಖ ಹೀರಿಕೊಳ್ಳುತ್ತದೆ, ಬೆಂಕಿಯ ವೇಗ ಕುಗ್ಗುತ್ತದೆ. ಒಣಗಿಸುವ ಯಂತ್ರದಿಂದ ಸರಿಯಾಗಿ ಒಣಗದೆ ಬಂದ ಸರಕು ‘ದಹನಶೀಲ ಅಲ್ಲ’ ಎಂದು ತೇರ್ಗಡೆಯಾಗಿ, ಚೆನ್ನಾಗಿ ಒಣಗಿದ ಮುಂದಿನ ಸರಕು ಅದೇ ಲೇಬಲ್ ಹೊತ್ತು ಹೋಗಬಹುದು. ಉಳಿದಿರುವ ದ್ರಾವಕದ ಪರಿಣಾಮ ಇದಕ್ಕೆ ತದ್ವಿರುದ್ಧ: ಎಥನಾಲ್ ಅಥವಾ ಅಸಿಟೋನಿನ ಅಂಶ ಉಳಿದಿದ್ದರೆ ನೀವು ಅಳೆಯುತ್ತಿರುವುದು ಪುಡಿಯ ಬೆಂಕಿಯನ್ನೋ ದ್ರಾವಕದ ಬೆಂಕಿಯನ್ನೋ ಹೇಳಲಾಗದು. ತೇವ, ದ್ರಾವಕ ಎರಡನ್ನೂ ಅಳೆದು ಬರೆದಿಡಿ.

ಡ್ರಮ್ಮಿನಿಂದ ಮಾದರಿ ತೆಗೆಯುವಾಗ ಮೇಲಿನಿಂದ ಒಂದು ಸೌಟು ತೋಡಿಕೊಂಡು ಬರುವ ಅಭ್ಯಾಸ ಬಿಡಿ. ಸಾಗಣೆಯ ಕುಲುಕಾಟಕ್ಕೆ ದಪ್ಪ ಕಣ ಮೇಲೇರುತ್ತದೆ, ನುಣುಪು ಕೆಳಗಿಳಿಯುತ್ತದೆ. ಬೇಗ ಉರಿಯುವ ಭಾಗ ತಳದಲ್ಲೇ ಉಳಿದುಬಿಡುತ್ತದೆ.

ಎಷ್ಟು ಮಾದರಿ ಬೇಕು? ಮುಂದೆ ಹೇಳುವ ತ್ರಿಕೋನ ಅಚ್ಚಿನಲ್ಲಿ ಹಿಡಿಯುವುದು ಸುಮಾರು 25 ಮಿಲಿಲೀಟರ್. ಆರು ಸಲ ಮಾಡಿದರೆ 150. ಪ್ರಾಥಮಿಕ ಪರೀಕ್ಷೆಗೆ, ಪುಡಿ ಅದುಮಿ ಕೂರುವುದಕ್ಕೆ, ಚೆಲ್ಲುವುದಕ್ಕೆ ಸೇರಿಸಿ ಕಾಲು ಲೀಟರ್ ಹಿಡಿಯುವ ಡಬ್ಬಿ ತುಂಬ ತರಿಸಿಕೊಂಡರೆ ನಿಶ್ಚಿಂತೆ. ಇನ್ನೂ ಅಷ್ಟನ್ನು ಮುಚ್ಚಿ, ತಾರೀಖು ಬರೆದು, ಎತ್ತಿಡಿ.

ಪ್ರಾಥಮಿಕ ಪರೀಕ್ಷೆ

ತಣ್ಣಗಿರುವ, ದ್ರವ ಹೀರದ, ಶಾಖವನ್ನು ಸುಲಭವಾಗಿ ಹರಿಯಬಿಡದ ಸೆರಾಮಿಕ್ ತಟ್ಟೆಯ ಮೇಲೆ ಪುಡಿಯನ್ನು ಎಡೆ ಬಿಡದ ಸಾಲಾಗಿ ಹಾಕಿ: ಉದ್ದ 250 ಮಿ.ಮೀ., ಅಗಲ 20, ಎತ್ತರ 10. ಉಕ್ಕಿನ ತಟ್ಟೆ ಬೇಡ. ಅದು ಶಾಖ ಎಳೆದುಕೊಂಡು ಉರಿಯಬೇಕಾದ್ದನ್ನೂ ನಂದಿಸುತ್ತದೆ.

ಕನಿಷ್ಠ 5 ಮಿ.ಮೀ. ವ್ಯಾಸದ ಗ್ಯಾಸ್ ಬರ್ನರ್‌ನ ಬಿಸಿ ಜ್ವಾಲೆಯನ್ನು ಸಾಲಿನ ಒಂದು ತುದಿಗೆ ಹಿಡಿಯಿರಿ. ಹೊತ್ತಿಕೊಳ್ಳುವ ತನಕ ಹಿಡಿಯಬಹುದು, ಆದರೆ 2 ನಿಮಿಷ ಮೀರಬಾರದು. ಲೋಹದ ಅಥವಾ ಮಿಶ್ರಲೋಹದ ಪುಡಿಯಾದರೆ 5 ನಿಮಿಷದವರೆಗೆ ಅವಕಾಶವಿದೆ. ಬಳಿಕ ಬೆಂಕಿ 200 ಮಿ.ಮೀ. ದೂರವನ್ನು 2 ನಿಮಿಷದ ಒಳಗೆ, ಲೋಹದ ಪುಡಿಯಾದರೆ 20 ನಿಮಿಷದ ಒಳಗೆ, ದಾಟುತ್ತದೆಯೇ ನೋಡಿ. ದಾಟದಿದ್ದರೆ ವಸ್ತು ‘ದಹನಶೀಲ ಘನ’ ಅಲ್ಲ, ಪರೀಕ್ಷೆ ಅಲ್ಲಿಗೆ ಮುಗಿಯಿತು. ದಾಟಿದರೆ ಪೂರ್ಣ ಪರೀಕ್ಷೆ ಮಾಡಲೇಬೇಕು.

‘ಬೆಂಕಿ’ ಎಂದಾಗ ಜ್ವಾಲೆ ಮಾತ್ರ ಎಂದುಕೊಳ್ಳಬೇಡಿ. ಬೂದಿ ಮುಚ್ಚಿದ ಕೆಂಡದಂತೆ ಜ್ವಾಲೆಯಿಲ್ಲದೆ ಒಳಗೊಳಗೇ ಕನಲುತ್ತಾ ಮುಂದೆ ಸಾಗುವುದೂ ಲೆಕ್ಕಕ್ಕೆ ಬರುತ್ತದೆ. ಮೇಲ್ಮೈ ಬರೀ ಕಪ್ಪಾಗಿದೆ, ಉರಿ ಕಾಣುತ್ತಿಲ್ಲ ಎಂದು ಸ್ಟಾಪ್‌ವಾಚ್ ನಿಲ್ಲಿಸಿ ಎದ್ದವರು ಕನಲುವ ಪುಡಿಯನ್ನು ನಿರಪಾಯ ಎಂದು ಬರೆದುಬಿಡುತ್ತಾರೆ. ಅನುಮಾನ ಬಂದರೆ ದೀಪ ಆರಿಸಿ ಕತ್ತಲಲ್ಲಿ ನೋಡಿ, ಕೆಂಪು ಅಂಚು ಕಾಣುತ್ತದೆ. ಸಾಲಿನ ಉದ್ದಕ್ಕೆ ಎರಡು ಮೂರು ಕಡೆ ತಾಪ ಅಳೆಯುವ ತೆಳು ಥರ್ಮೋಕಪಲ್ ತಂತಿ ತೂರಿಸಿದರೆ ಇನ್ನೂ ನಂಬಬಹುದಾದ ಉತ್ತರ ಸಿಗುತ್ತದೆ.

200 ಮಿ.ಮೀ.ಗೆ 2 ನಿಮಿಷ ಎಂದರೆ ಸೆಕೆಂಡಿಗೆ ಸುಮಾರು 1.7 ಮಿ.ಮೀ. ಪೂರ್ಣ ಪರೀಕ್ಷೆಯ ಗೆರೆ ಸೆಕೆಂಡಿಗೆ 2.2 ಮಿ.ಮೀ. ಅಂದರೆ ಮೊದಲ ಜರಡಿಯ ಕಣ್ಣು ಬೇಕೆಂದೇ ಚಿಕ್ಕದು. ಗಡಿಯಲ್ಲಿರುವ ವಸ್ತು ಇಲ್ಲಿ ಸೋಸಿ ಹೋಗದೆ ಮುಂದಿನ ಪರೀಕ್ಷೆಗೆ ಉಳಿಯಲಿ ಎಂದು.

ಪೂರ್ಣ ಪರೀಕ್ಷೆ: ಅಚ್ಚು, ಸಾಲು, ಗಡಿಯಾರ

ಇಲ್ಲಿ ಕೈಗುಣ ಕೆಲಸ ಮಾಡಬಾರದು, ಅಳತೆ ಕೆಲಸ ಮಾಡಬೇಕು. ಅದಕ್ಕೇ ಅಚ್ಚು ಇರುವುದು. ಅಚ್ಚಿನ ಉದ್ದ 250 ಮಿ.ಮೀ., ಅಡ್ಡಕೊಯ್ತ ತ್ರಿಕೋನ, ಒಳ ಎತ್ತರ 10 ಮಿ.ಮೀ., ಅಗಲ 20 ಮಿ.ಮೀ. ಉದ್ದದ ಎರಡೂ ಬದಿಗೆ ಅಂಚಿಗಿಂತ 2 ಮಿ.ಮೀ. ಮೇಲೆ ಚಾಚಿದ ಲೋಹದ ಹಾಳೆಗಳು.

ಪುಡಿಯನ್ನು ಅಚ್ಚಿಗೆ ಸಡಿಲವಾಗಿ ತುಂಬಿ. ಬೆರಳಿನಿಂದ ಒತ್ತಬೇಡಿ. ಅಚ್ಚನ್ನು 2 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲದ ಮೇಲೆ ಮೂರು ಸಲ ಬೀಳಿಸಿ. ಪುಡಿ ಕುಸಿದಿದ್ದರೆ ಮತ್ತೆ ತುಂಬಿ. ಬದಿಯ ಹಾಳೆ ತೆಗೆದು, ಹೆಚ್ಚಾದದ್ದನ್ನು ಕೆರೆದು ಹಾಕಿ, ತಣ್ಣನೆಯ ತಟ್ಟೆಯನ್ನು ಮೇಲೆ ಮುಚ್ಚಿ, ಎರಡನ್ನೂ ಒಟ್ಟಿಗೆ ಬೋರಲು ಮಾಡಿ ಅಚ್ಚನ್ನು ಮೆಲ್ಲಗೆ ಎತ್ತಿ. ತಟ್ಟೆಯ ಮೇಲೆ ಮನೆಯ ಮಾಡಿನಂಥ ಏಣು ನಿಲ್ಲುತ್ತದೆ. ಮೂರು ಸಲ ಬೀಳಿಸುವುದು ಶಾಸ್ತ್ರಕ್ಕಲ್ಲ. ಪುಡಿ ಎಷ್ಟು ಅದುಮಿ ಕೂತಿದೆ ಎಂಬುದರ ಮೇಲೆ ಕಣಗಳ ನಡುವಿನ ಗಾಳಿಯೂ ಶಾಖ ಹರಿಯುವ ರೀತಿಯೂ ನಿಂತಿವೆ. ಇವತ್ತು ಐದು ಸಲ, ನಾಳೆ ಎರಡು ಸಲ ಬೀಳಿಸಿದರೆ ಎರಡು ದಿನದ ಅಂಕಿಗಳನ್ನು ಹೋಲಿಸಲಾಗುವುದಿಲ್ಲ.

ಪೇಸ್ಟ್ ಆದರೆ ಅಚ್ಚು ಬೇಡ, ಸುಮಾರು ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತದ 250 ಮಿ.ಮೀ. ಉದ್ದದ ಹಗ್ಗದಂತೆ ಎಳೆಯಿರಿ. ಗಾಳಿಯ ತೇವ ಹೀರುವ ವಸ್ತುವಾದರೆ ಡಬ್ಬಿ ತೆರೆದ ಕೂಡಲೇ ಕೆಲಸ ಮುಗಿಸಬೇಕು.

ಫ್ಯೂಮ್ ಹುಡ್‌ನಲ್ಲಿ ಸಾಲನ್ನು ಗಾಳಿಯ ಹರಿವಿಗೆ ಅಡ್ಡವಾಗಿ ಇಡಿ. ಹರಿವಿನ ದಿಕ್ಕಿಗೇ ಇಟ್ಟರೆ ಗಾಳಿ ಜ್ವಾಲೆಯನ್ನು ಮುಂದಕ್ಕೆ ತಳ್ಳುತ್ತದೆ ಇಲ್ಲವೆ ಹಿಂದಕ್ಕೆ ಹಿಡಿಯುತ್ತದೆ. ಹೊಗೆ ಕೋಣೆಗೆ ಬಾರದಷ್ಟು ಎಳೆತ ಇರಲಿ, ಪರೀಕ್ಷೆಯ ನಡುವೆ ಅದನ್ನು ಬದಲಿಸಬೇಡಿ. ಹುಡ್‌ನ ಗಾಜನ್ನು ಅರ್ಧದಲ್ಲಿ ಮೇಲೆತ್ತಿದರೂ ಗಾಳಿ ಬದಲಾಗುತ್ತದೆ.

ತಟ್ಟೆಯ ಅಂಚಿನಲ್ಲಿ 80, 180, 210, 220 ಮಿ.ಮೀ. ಗುರುತುಗಳನ್ನು ಮೊದಲೇ ಹಾಕಿಕೊಳ್ಳಿ. ಚಿಕ್ಕ ಜ್ವಾಲೆಯಿಂದ ಅಥವಾ ಕನಿಷ್ಠ 1000 ಡಿಗ್ರಿ ಸೆಲ್ಸಿಯಸ್‌ನ ಕಾದ ತಂತಿಯಿಂದ ಒಂದು ತುದಿ ಹೊತ್ತಿಸಿ. ಮೊದಲ 80 ಮಿ.ಮೀ. ಬರೀ ನೋಡಿ, ಗಡಿಯಾರ ಒತ್ತಬೇಡಿ. ಹೊತ್ತಿಸಿದ ಜ್ವಾಲೆಯ ಪ್ರಭಾವ ಕಳೆದು ಬೆಂಕಿ ತನ್ನದೇ ಓಟಕ್ಕೆ ಬರಲು ಆ ದೂರ ಬೇಕು. ಮುಂದಿನ 100 ಮಿ.ಮೀ. ದಾಟಲು ಹಿಡಿದ ಸಮಯವೇ ನಿಮ್ಮ ಅಂಕಿ. ಪಕ್ಕದಿಂದ ವಿಡಿಯೊ ತೆಗೆದಿಟ್ಟುಕೊಂಡರೆ ಕೈ ತಪ್ಪಿದ ಸೆಕೆಂಡುಗಳನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು.

ಇದನ್ನು ಆರು ಸಲ ಮಾಡಬೇಕು, ಪ್ರತಿ ಸಲವೂ ಸ್ವಚ್ಛವಾದ, ತಣ್ಣಗಿನ ತಟ್ಟೆ. ಹಿಂದಿನ ಸಲದ ಬಿಸಿ ಉಳಿದ ತಟ್ಟೆ ಮುಂದಿನ ಸಲದ ಬೆಂಕಿಗೆ ಸಹಾಯ ಮಾಡುತ್ತದೆ. ಆರರಲ್ಲಿ ಒಂದೇ ಒಂದು ಸಲ 45 ಸೆಕೆಂಡ್‌ಗಿಂತ ಕಡಿಮೆ ಬಂದರೂ, ಅಂದರೆ ವೇಗ ಸೆಕೆಂಡಿಗೆ 2.2 ಮಿ.ಮೀ. ಮೀರಿದರೂ, ವಸ್ತು ದಹನಶೀಲವೇ. ಸರಾಸರಿ ತೆಗೆಯಬೇಡಿ. ಐದು ಸಲ 50 ಸೆಕೆಂಡ್, ಒಂದು ಸಲ 43 ಸೆಕೆಂಡ್ ಬಂದರೆ ಸರಾಸರಿ ನಿಮ್ಮನ್ನು ಪಾರುಮಾಡುವಂತೆ ಕಾಣುತ್ತದೆ. ಆದರೆ ಗೋದಾಮಿನಲ್ಲಿ ಬೆಂಕಿ ಸರಾಸರಿ ನೋಡಿ ಹಬ್ಬುವುದಿಲ್ಲ.

ತೋಯ್ದ ಪಟ್ಟಿ ಏನು ಹೇಳುತ್ತದೆ

ದಹನಶೀಲ ಘನಗಳಲ್ಲಿ ಎರಡು ಕೆಟಗರಿ: 1 ಹೆಚ್ಚು ಅಪಾಯದ್ದು, 2 ಅದಕ್ಕಿಂತ ಕಡಿಮೆಯದು. ಯಾವುದೆಂದು ತಿಳಿಯಲು ಲೋಹವಲ್ಲದ ಪುಡಿಗಳಿಗೆ ಒಂದು ಹೆಚ್ಚಿನ ಹಂತವಿದೆ. ಅಳತೆಯ 100 ಮಿ.ಮೀ. ಮುಗಿದ ಮೇಲೆ ಇನ್ನೂ 30ರಿಂದ 40 ಮಿ.ಮೀ. ಆಚೆ, ಬೆಂಕಿ ಹಚ್ಚುವ ಮೊದಲೇ, 1 ಮಿಲಿಲೀಟರ್ ತೋಯಿಸುವ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ಏಣಿನ ತುದಿಯಿಂದ ಬುಡದವರೆಗೆ ಅಡ್ಡಕೊಯ್ತ ಪೂರ್ತಿ ನೆನೆಯಬೇಕು, ಬದಿಗಳಿಂದ ಹರಿದು ಹೋಗಬಾರದು.

ಹೇಳುವುದು ಸುಲಭ. ಅನೇಕ ಸಾವಯವ ಪುಡಿಗಳ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳಿ ಬೀಳುತ್ತದೆ. ಆಗ ನೀರಿಗೆ ತೇವಕಾರಕ ಬೆರೆಸಬೇಕಾಗುತ್ತದೆ. ಅದರಲ್ಲಿ ಉರಿಯುವ ದ್ರಾವಕ ಇರಬಾರದು, ಸಕ್ರಿಯ ಅಂಶ ಒಟ್ಟು ಶೇಕಡಾ 1 ಮೀರಬಾರದು. ಏಣಿನ ತಲೆಯಲ್ಲಿ 3 ಮಿ.ಮೀ. ಆಳ, 5 ಮಿ.ಮೀ. ಅಗಲದ ಕುಳಿ ಮಾಡಿ ಅದರೊಳಗೆ ಹನಿಸಲು ಅವಕಾಶವಿದೆ. ತಾಳ್ಮೆಯಿಂದ ಮಾಡಿ, ಅರ್ಧ ನೆನೆದ ಪಟ್ಟಿಯ ಬುಡದಿಂದ ಬೆಂಕಿ ನುಸುಳಿದರೆ ಕೆಳಗಿನ ಕೆಟಗರಿಯ ವಸ್ತು ಸುಮ್ಮನೆ ಮೇಲಿನದಕ್ಕೆ ಏರುತ್ತದೆ.

ಬೆಂಕಿ ಈ ಪಟ್ಟಿಗೆ ಬಂದು ಕನಿಷ್ಠ 4 ನಿಮಿಷ ನಿಂತರೆ ವಸ್ತು ಕೆಟಗರಿ 2. ನಿಲ್ಲದೆ ದಾಟಿ ಹೋದರೆ ಕೆಟಗರಿ 1. ನೀರಿಗೆ ಬಗ್ಗುವ ಬೆಂಕಿಯೋ ಬಗ್ಗದ ಬೆಂಕಿಯೋ ಎಂಬುದನ್ನು ಒಂದು ಮಿಲಿಲೀಟರ್ ನೀರಿನಲ್ಲಿ ತಿಳಿಯುವ ಈ ಉಪಾಯ ನನಗೆ ಈ ಪರೀಕ್ಷೆಯಲ್ಲೇ ಅತ್ಯಂತ ಇಷ್ಟವಾದ ಭಾಗ. ಬೆಂಕಿ ಆರಿಸುವವರಿಗೆ ನಿಜವಾಗಿ ಬೇಕಾದ ಮಾಹಿತಿಯೂ ಇದೇ.

ಲೋಹದ ಪುಡಿಗಳು

ಇಲ್ಲಿ ತೋಯ್ದ ಪಟ್ಟಿ ಇಲ್ಲ, 45 ಸೆಕೆಂಡ್ ಲೆಕ್ಕವೂ ಇಲ್ಲ. ಹೊತ್ತಿಕೊಂಡ ಪ್ರತಿಕ್ರಿಯೆ ಇಡೀ ಸಾಲನ್ನು 5 ನಿಮಿಷದಲ್ಲಿ ಅಥವಾ ಅದಕ್ಕೂ ಮೊದಲು ದಾಟಿದರೆ ಕೆಟಗರಿ 1. 5 ಮೀರಿ 10 ನಿಮಿಷದ ಒಳಗಾದರೆ ಕೆಟಗರಿ 2. ಲೋಹದ ಬೆಂಕಿ ನಿಧಾನವಾಗಿ ಸಾಗಿದರೂ ಅದರ ತಾಪ ಬಹಳ ಹೆಚ್ಚು, ಆರಿಸುವುದು ಬಹಳ ಕಷ್ಟ. ಅದಕ್ಕೇ ಕಾಲಾವಕಾಶ ಇಷ್ಟು ದೀರ್ಘ.

ಉರಿಯುವ ಮೆಗ್ನೀಸಿಯಂಗೆ ನೀರು ಹಾಕಿದರೆ ಹೈಡ್ರೋಜನ್ ಹುಟ್ಟುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಿಡಿದರೆ ಅದರೊಳಗೂ ಮೆಗ್ನೀಸಿಯಂ ಉರಿಯುತ್ತದೆ. ಕೈಗೆಟುಕುವ ಹಾಗೆ ಪೂರ್ತಿ ಒಣಗಿದ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಡಿ ದರ್ಜೆಯ ಪುಡಿ ಇರಲಿ. ಆ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು, ಗಾಢ ಬಣ್ಣದ ಕನ್ನಡಕ ಬೇಕು.

ದಾರಿ ತಪ್ಪಿಸುವ ಮೂರು ನೋಟಗಳು

ಕೆಲವು ವಸ್ತು ಉರಿಯುವ ಮೊದಲೇ ಕರಗಿ ತಟ್ಟೆಯ ಮೇಲೆ ಹರಡುತ್ತವೆ, ಜ್ವಾಲೆ ಅಲ್ಲೇ ಸಾಯುತ್ತದೆ. ಅದು ಪರೀಕ್ಷೆಯ ದೋಷವಲ್ಲ, ವಸ್ತುವಿನ ಸ್ವಭಾವ. ಆದರೆ ಕರಗಿದ್ದನ್ನು ವರದಿಯಲ್ಲಿ ಬರೆಯಿರಿ, ಏಕೆಂದರೆ ಚೀಲಗಟ್ಟಲೆ ಸರಕು ಬೆಂಕಿಗೆ ಸಿಕ್ಕಾಗ ಅದೇ ವಸ್ತು ಉರಿಯುವ ದ್ರವವಾಗಿ ಹರಿಯುತ್ತದೆ.

ಇನ್ನು ಕೆಲವು ಉಬ್ಬಿ, ಮೇಲೆ ಇದ್ದಿಲಿನ ಹೊಪ್ಪಳೆ ಕಟ್ಟುತ್ತವೆ. ಬೆಂಕಿಯ ಮುಂಚೂಣಿ ಅದರಡಿ ಅಡಗುತ್ತದೆ. ಇಂಥವಕ್ಕೆ ಥರ್ಮೋಕಪಲ್ ಇಲ್ಲದೆ ಸಮಯ ಹೇಳಬೇಡಿ.

ಮೂರನೆಯದು ಹೆಚ್ಚು ಗಂಭೀರ. ಜ್ವಾಲೆಯಿಲ್ಲ, ಕೆಂಪೂ ಇಲ್ಲ, ಆದರೂ ಬಣ್ಣ ಬದಲಾದ ಅಂಚೊಂದು ದಟ್ಟ ಅನಿಲ ಬಿಡುತ್ತಾ ಸಾಲಿನುದ್ದಕ್ಕೂ ಸಾಗುತ್ತದೆ, ಮೇಲೆ ಮರಳು ಸುರಿದರೂ ನಿಲ್ಲುವುದಿಲ್ಲ. ಗಾಳಿಯ ಹಂಗಿಲ್ಲದೆ ನಡೆಯುತ್ತಿರುವುದು ದಹನವಲ್ಲ, ವಿಘಟನೆ. ಅಲ್ಲಿಗೆ ಈ ಪರೀಕ್ಷೆ ಬಿಟ್ಟು ಸ್ವಯಂ-ಪ್ರತಿಕ್ರಿಯಕ ವಸ್ತುಗಳ ಪರೀಕ್ಷೆಗೆ ಹಿಂತಿರುಗಬೇಕು.

ಲೇಬಲ್ ಮತ್ತು ಸಾಗಣೆ

ಎರಡೂ ಕೆಟಗರಿಗೆ ಜ್ವಾಲೆಯ ಚಿಹ್ನೆ, ಅಪಾಯ ಹೇಳಿಕೆ ಎಚ್228. ಸಂಕೇತಪದ ಮಾತ್ರ ಬೇರೆ: ಕೆಟಗರಿ 1ಕ್ಕೆ ‘ಅಪಾಯ’, ಕೆಟಗರಿ 2ಕ್ಕೆ ‘ಎಚ್ಚರಿಕೆ’. ಸಾಗಣೆಯಲ್ಲಿ ಇವು ವಿಭಾಗ 4.1ಕ್ಕೆ ಸೇರುತ್ತವೆ, ಕೆಟಗರಿ 1 ಎಂದರೆ ಪ್ಯಾಕಿಂಗ್ ಗ್ರೂಪ್ (ಪ್ಯಾಕಿಂಗ್‌ಗಾಗಿ ಮಾಡಿದ ಅಪಾಯದ ದರ್ಜೆ) 2, ಕೆಟಗರಿ 2 ಎಂದರೆ ಪ್ಯಾಕಿಂಗ್ ಗ್ರೂಪ್ 3. ಕರ್ಪೂರ, ಕೆಂಪು ರಂಜಕ, ನುಸಿಗುಳಿಗೆಯ ನ್ಯಾಫ್ಥಲೀನ್ ಎಲ್ಲವೂ ಈ ವಿಭಾಗದವೇ. ಬೆಂಕಿಕಡ್ಡಿಯಂತೆ ಉಜ್ಜಿದಾಗ ಹೊತ್ತಿಕೊಳ್ಳುವ ಘನಗಳನ್ನು ಈ ಸಾಲು-ಪರೀಕ್ಷೆಯಿಂದ ಅಳೆಯುವುದಿಲ್ಲ, ಈಗಾಗಲೇ ಪಟ್ಟಿಯಲ್ಲಿರುವ ಅಂಥದೇ ವಸ್ತುಗಳ ಹೋಲಿಕೆಯಿಂದ ವರ್ಗೀಕರಿಸುತ್ತಾರೆ.

‘ದಹನಶೀಲ ಘನ ಅಲ್ಲ’ ಎಂಬ ಫಲಿತಾಂಶವನ್ನು ‘ಬೆಂಕಿಯ ಭಯವಿಲ್ಲ’ ಎಂದು ಓದಬಾರದು. ತಟ್ಟೆಯ ಮೇಲೆ ಸಾಲಾಗಿ ಕುಳಿತಾಗ ಹೊತ್ತದ ಪುಡಿ ಗಾಳಿಯಲ್ಲಿ ಧೂಳಾಗಿ ತೇಲಿದಾಗ ಸ್ಫೋಟಿಸಬಹುದು. ಅದನ್ನು ಅಳೆಯಲು 20 ಲೀಟರಿನ ಗೋಳದ ಪರೀಕ್ಷೆ, ಕನಿಷ್ಠ ಕಿಡಿಶಕ್ತಿಯ ಪರೀಕ್ಷೆ ಇವೆ. ದೊಡ್ಡ ರಾಶಿಯಲ್ಲಿ ಒಳಗೇ ಬಿಸಿಯೇರಿ ಹೊತ್ತುವ ಗುಣವನ್ನೂ ಈ ಸಾಲು ತೋರಿಸುವುದಿಲ್ಲ. ಅದಕ್ಕೆ 140 ಡಿಗ್ರಿಯ ಒಲೆಯಲ್ಲಿ 100 ಮಿ.ಮೀ. ಬದಿಯ ಘನಾಕಾರದ ಜಾಲರಿ ತುಂಬ ಮಾದರಿ ಇಟ್ಟು 24 ಗಂಟೆ ಕಾಯುವ ಬೇರೆ ಪರೀಕ್ಷೆ ಇದೆ. ಸುರಕ್ಷತಾ ಹಾಳೆಯ 9ನೇ ವಿಭಾಗದಲ್ಲಿ ದಹನಶೀಲತೆಯ ಸಾಲು ತುಂಬುವಾಗ ಯಾವ ಪರೀಕ್ಷೆ ಮಾಡಿದ್ದೀರಿ, ಯಾವುದನ್ನು ಮಾಡಿಲ್ಲ ಎಂಬುದು ಓದುವವರಿಗೆ ತಿಳಿಯುವಂತಿರಲಿ.

ವರದಿಯಲ್ಲಿ ಆರೂ ಸಲದ ಸಮಯ, ಕಣಗಾತ್ರ, ತೇವ, ಉಳಿದ ದ್ರಾವಕ, ಸರಕಿನ ಬ್ಯಾಚ್ ಸಂಖ್ಯೆ, ತಟ್ಟೆಯ ವಸ್ತು, ತೇವಕಾರಕದ ಹೆಸರು ಮತ್ತು ಪ್ರಮಾಣ ಬರೆಯಿರಿ. ಮುಂದೆ ತಯಾರಿಕೆಯಲ್ಲಿ ಅರೆಯುವ ಯಂತ್ರವೋ, ಜರಡಿಯ ಕಣ್ಣೋ, ಒಣಗಿಸುವ ತಾಪವೋ ಬದಲಾದ ದಿನ ಎತ್ತಿಟ್ಟ ಹಳೆಯ ಮಾದರಿಯನ್ನೂ ಹೊಸದನ್ನೂ ಒಂದೇ ದಿನ, ಒಂದೇ ಹುಡ್‌ನಲ್ಲಿ, ಅಕ್ಕಪಕ್ಕ ಪರೀಕ್ಷಿಸಿ.